ಜೈಲಿನ ಲಾಬಿಯಲ್ಲಿ ಐದು ಶನಿವಾರ

ಶನಿವಾರ ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ನಾನು ಲೈಬ್ರರಿಗೆ ಹೋಗುತ್ತಿದ್ದೆ. ಜನ ದಾನ ಕೊಟ್ಟ ಹಳೆಯ ಪುಸ್ತಕಗಳನ್ನು ವಿಂಗಡಿಸಿ ಜೋಡಿಸುವ ಸೇವೆ ಅದು. ಯಾರ ಜೊತೆಗೂ ಮಾತಾಡುವ ಪ್ರಸಂಗ ಬರುವುದಿಲ್ಲವೆಂದೇ ಅದನ್ನು ಆರಿಸಿಕೊಂಡಿದ್ದೆ. ಆ ಬಸ್ಸು ನಮ್ಮ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಜೈಲಿನ ಮುಂದೆ ನಿಲ್ಲುತ್ತದೆ. ಅಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿರುತ್ತಿದ್ದರು. ಲೈಬ್ರರಿ ಅಲ್ಲಿಗೆ ಎದುರಿನ ಮೂಲೆಯಲ್ಲೇ. ನಾನು ಕೂರುವ ಕಿಟಕಿಯಿಂದ ನಿಲ್ದಾಣ ಕಾಣುತ್ತಿತ್ತು. ಎಷ್ಟೋ ಶನಿವಾರ ಅರ್ಧ ಗಂಟೆಯೂ ಆಗಿರುತ್ತಿರಲಿಲ್ಲ, ಅದೇ ಜನ ಮತ್ತೆ ವಾಪಸಿನ ಬಸ್ಸಿಗೆ ನಿಂತಿರುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಕುಣಿದಾಡುತ್ತಿದ್ದ ಮಕ್ಕಳು ಹೋಗುವಾಗ ಸುಮ್ಮನಿರುತ್ತಿದ್ದವು.

ಒಂದು ಶನಿವಾರ ನಮ್ಮ ಭಾಗದಿಂದ ಆರಿಸಿ ಹೋದ, ಕೌಂಟಿಯ ಆಡಳಿತ ನಡೆಸುವ ಐವರಲ್ಲಿ ಒಬ್ಬರಾದ ಕೌಂಟಿ ಸೂಪರ್‌ವೈಸರಮ್ಮ ಲೈಬ್ರರಿಗೆ ಬಂದು ಜನರ ಅಹವಾಲು ಕೇಳುತ್ತ ಕುಳಿತಿದ್ದರು. ಒಬ್ಬರು ರಸ್ತೆಯ ಗುಂಡಿ ಹೇಳಿದರು, ಇನ್ನೊಬ್ಬರು ಪಕ್ಕದ ಮನೆಯ ಮರ ಹೇಳಿದರು. ಕೊನೆಗೆ ಅವರು ಎದ್ದು ನನ್ನ ಮೂಲೆಗೇ ಬಂದುಬಿಟ್ಟರು. (ಇಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಅಮೆರಿಕದ ಪೊಲೀಸ್ ಕ್ಯಾಪ್ಟನ್ನು ಗದಗಿನವನ ಹಾಗೆ ಮಾತಾಡಿದರೆ ನಗಬೇಡಿ, ಮೊಮ್ಮಕ್ಕಳೇ. ನನಗೆ ಬರುವುದು ಅದೊಂದೇ ಕನ್ನಡ.)

"ನಿಮಗೇನರೆ ಹೇಳೂದದ ಏನ್ರಿ?" ಎಂದು ಕೇಳಿದರು.

ನಾನು ಕಿಟಕಿಯ ಕಡೆ ಬೆರಳು ಮಾಡಿದೆ. "ಅವರು ಈಗ ಬಂದಾರ, ಈಗ ಹೊಂಟಾರ. ಯಾಕ?"

ಅವರು ಕಿಟಕಿಯ ಹತ್ತಿರ ಹೋಗಿ ನೋಡಿದರು. ನನ್ನ ಹೆಸರು ಬರೆದುಕೊಂಡು ಹೋದರು. ಎರಡು ವಾರದ ಮೇಲೆ ಅವರ ಆಫೀಸಿನಿಂದ ಫೋನು ಬಂತು.

ಇಲ್ಲಿ ಕೌಂಟಿಯ ಪೊಲೀಸರಿಗೂ ಜೈಲಿಗೂ ದೊಡ್ಡವನು ಶೆರೀಫ್. ಅವನನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ಹಾಗಾಗಿ ಸೂಪರ್‌ವೈಸರುಗಳು ಅವನಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹುಕುಂ ಕೊಡುವಂತಿಲ್ಲ. ಕೇಳಬಹುದು, ಅಷ್ಟೆ. ಕೇಳುವುದಕ್ಕೆಂದೇ ನಮ್ಮ ಕೌಂಟಿಯಲ್ಲಿ ಐದು ಜನ ಸಾಮಾನ್ಯರ ಒಂದು ಮಂಡಳಿ ಮಾಡಿದ್ದಾರೆ. ಒಬ್ಬೊಬ್ಬ ಸೂಪರ್‌ವೈಸರು ಒಬ್ಬೊಬ್ಬರನ್ನು ನೇಮಿಸುತ್ತಾರೆ. ನಮ್ಮ ಭಾಗದ ಜಾಗ ಖಾಲಿಯಿತ್ತು. ಅದಕ್ಕೆ ನನ್ನನ್ನು ಕರೆದಿದ್ದರು.

ನಿಮ್ಮ ತಾಯಿ ನಕ್ಕಳು. "ಅವ್ವಾ, ಪಾಟ್‌ಲಕ್ ಊಟಕ್ಕ ಬಂದ್ರ ನೀನು ಕಿಚನ್ ಬಿಟ್ಟು ಹೊರಗ ಬರೂದಿಲ್ಲ. ಶೆರೀಫಗ ಪ್ರಶ್ನೆ ಕೇಳ್ತೀಯಾ? ಮೈಕಿನ್ಯಾಗ?"

ಅವಳು ಹೇಳಿದ್ದು ಸುಳ್ಳಲ್ಲ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು, ಅದೂ ಹಿಂದಿನ ಸಾಲಿನಲ್ಲಿ ಕೂತು. ಆಮೇಲೆ ಹೊರಗಿನ ಮಾತೆಲ್ಲ ನಿಮ್ಮ ಅಜ್ಜನದು. ಅವರು ಹೋದ ಮೇಲೆ ಮನೆಯ ಫೋನು ಹೊಡೆದುಕೊಂಡರೆ ನಾನು ಅದು ನಿಲ್ಲುವ ತನಕ ದೂರ ನಿಂತು ನೋಡುತ್ತಿದ್ದೆ. ಆದರೂ ಒಪ್ಪಿಕೊಂಡೆ. ಆ ಪ್ರಶ್ನೆ ನಾನು ಕೇಳಿದ್ದು. ಉತ್ತರ ಇನ್ನೂ ಬಂದಿರಲಿಲ್ಲ.

ಮಂಡಳಿಯ ಅಧ್ಯಕ್ಷರು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮುದುಕರು. ಮಗಳ ಮನೆಗೆಂದು ಬಂದು ಇಲ್ಲೇ ನಿಂತವರು. ಅಲ್ಲಿ ಒಂದೊಂದು ಸೀಮೆಗೂ ಜನ ಒಬ್ಬರನ್ನು ವೋಟು ಹಾಕಿ ಆರಿಸುತ್ತಾರಂತೆ. ಆ ಮನುಷ್ಯ ಪೊಲೀಸಲ್ಲ, ಆದರೆ ಪೊಲೀಸರ ಮೇಲೆ ಕಣ್ಣಿಡುವವನು. ಪೊಲೀಸ್ ಮುಖ್ಯಸ್ಥನನ್ನು ನೇಮಿಸುವುದು, ಹಣ ಯಾವುದಕ್ಕೆ ಖರ್ಚಾಗಬೇಕೆಂದು ಗೊತ್ತುಮಾಡುವುದು, ತಪ್ಪು ನಡೆದರೆ ಜನರ ಪರವಾಗಿ ಕೇಳುವುದು ಅವನ ಕೆಲಸ. ಯಾರನ್ನು ಹಿಡಿ, ಯಾರನ್ನು ಬಿಡು ಎನ್ನುವ ಅಧಿಕಾರ ಮಾತ್ರ ಇಲ್ಲ. ಅಂಥ ಒಬ್ಬರ ಕಚೇರಿಯಲ್ಲಿ ನಮ್ಮ ಅಧ್ಯಕ್ಷರು ಬಹಳ ವರ್ಷ ಕೆಲಸ ಮಾಡಿದ್ದರು.

"ಅಲ್ಲಿ ನಿಮ್ಮಂಥಾವರು, ಮನಿ ಮಂದಿ, ಹೇಳದ ಕೇಳದ ಠಾಣೆಗೆ ಹೋಗಿ ಲಾಕಪ್ ನೋಡಿ ಬರ್ತಾರ," ಎಂದರು ಮೊದಲ ದಿನ. "ನೀರ್ ಕೊಟ್ಟಾರೇನು, ಹೊದಿಕಿ ಕೊಟ್ಟಾರೇನು ಅಂತ. ಅವರನ್ನ ಕಳಸೂದೂ ಆ ಆರಿಸಿ ಬಂದವರ ಕೆಲಸನ. ಅಲ್ಲಿ ನಾ ಒಂದು ಮಾತು ಕಲತೆ. ಆಳೂದು ನಮ್ಮ ಕೆಲಸ ಅಲ್ಲ. ನೋಡೂದು, ಕೇಳೂದು, ಉತ್ತರ ಬರೂ ತನಕ ಕೂಡೂದು."

ಕೂರುವುದು ನನಗೆ ಬರುತ್ತದೆ ಎಂದುಕೊಂಡೆ.

ಮೊದಲ ಸಭೆಯಲ್ಲೇ ಜೈಲಿನ ಭೇಟಿಯ ವಿಷಯ ಬಂತು. ಸಭೆ ಎಂದರೆ ಎಲ್ಲ ಬಾಗಿಲು ತೆರೆದು ನಡೆಸುವುದು. ಏನು ಮಾತಾಡುತ್ತೇವೆಂಬ ಪಟ್ಟಿಯನ್ನು ಮೂರು ದಿನ ಮೊದಲೇ ಹೊರಗೆ ಅಂಟಿಸಬೇಕು, ಪಟ್ಟಿಯಲ್ಲಿ ಇಲ್ಲದ ಮಾತು ಆಡುವಂತಿಲ್ಲ. ಸಾರ್ವಜನಿಕರು ಯಾರು ಬೇಕಾದರೂ ಎದ್ದು ಎರಡು ನಿಮಿಷ ಮಾತಾಡಬಹುದು. ಅವತ್ತು ಎದ್ದವರು ಬೆಳ್ಳುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಅವರದು ಸ್ಪ್ಯಾನಿಷ್ ಮಾತು. ಪಕ್ಕದಲ್ಲಿ ನಿಂತವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರ ಮಗಳು ಕೋರ್ಟಿನ ತಾರೀಖು ಕಾಯುತ್ತ ಜೈಲಿನಲ್ಲಿದ್ದಾಳೆ. ಮಗಳ ಮಗು, ನಾಲ್ಕು ವರ್ಷದ್ದು, ಇವರ ಕೈಯಲ್ಲಿದೆ. ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಮೂರು ಬಸ್ಸು ಬದಲಿಸಿ ಬರುತ್ತಾರೆ. ಬಂದಾಗ ಕಿಟಕಿಯ ಹಿಂದೆ ಒಂದು ಬೋರ್ಡು ತಿರುಗಿಸುತ್ತಾರೆ: ಇವತ್ತು ಭೇಟಿ ಇಲ್ಲ.

ಜೈಲಿನ ಕ್ಯಾಪ್ಟನ್ ಒರಟನಲ್ಲ. ಎದ್ದು ನಿಂತು ಹೇಳಿದ: "ಮಂದಿ ಕಡಿಮಿ ಇದ್ರ ಒಳಗ ಕಾಯೂದ ಕಷ್ಟ ಆಗ್ತದರಿ. ಆವಾಗ ಭೇಟಿ ರದ್ದು ಮಾಡ್ತೇವಿ. ಬೆಳಿಗ್ಗೆ ಎಂಟಕ್ಕ ವೆಬ್‌ಸೈಟಿನ್ಯಾಗ ಹಾಕ್ತೇವಿ."

"ಎಷ್ಟ್ ಮಂದಿ ಹಂಗ ವಾಪಸ್ ಹೋಗ್ಯಾರ?" ಎಂದು ಅಧ್ಯಕ್ಷರು ಕೇಳಿದರು.

"ಬಾಳ ಇಲ್ರಿ."

ಎಂಟು ಗಂಟೆಗೆ ಆ ಹೆಂಗಸು ಎರಡನೆಯ ಬಸ್ಸಿನಲ್ಲಿರುತ್ತಾರೆ ಎಂದು ನಾನು ಹೇಳಬೇಕೆಂದುಕೊಂಡೆ. ನನ್ನ ಸರದಿ ಬಂದು ಅಧ್ಯಕ್ಷರು ನನ್ನ ಕಡೆ ತಿರುಗಿದಾಗ, "ನಂದೇನೂ ಇಲ್ರಿ," ಎಂದುಬಿಟ್ಟೆ. ಎಷ್ಟು ಜನ ಎಂದು ಯಾರಿಗೂ ಗೊತ್ತಿಲ್ಲದ ಕಾರಣ ವಿಷಯವನ್ನು ಮುಂದಕ್ಕೆ ಹಾಕಿದರು. ಆ ಹೆಂಗಸು ನನ್ನ ಮುಂದೆಯೇ ಹಾದು ಬಾಗಿಲ ಕಡೆ ಹೋದರು. ನಾನು ತಲೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಅಧ್ಯಕ್ಷರನ್ನು ಕೇಳಿದೆ: "ಆ ಜೈಲಿನ ಲಾಬಿಯೊಳಗ ನಾ ಹೋಗಿ ಕೂಡಬಹುದೇನ್ರಿ?"

"ಲಾಬಿ ಎಲ್ಲಾರಿಗೂ ತೆರದದರಿ. ಆದ್ರ ಯಾರಿಗೂ ಏನೂ ಮಾತು ಕೊಡಬ್ಯಾಡ್ರಿ. ಯಾರ ಪರವಾಗಿನೂ ವಾದಿಸಬ್ಯಾಡ್ರಿ. ಕೇಳಿದ್ರ ನೀವು ಯಾರಂತ ಖರೇ ಹೇಳ್ರಿ."

ಮುಂದಿನ ಶನಿವಾರ ಲೈಬ್ರರಿಗೆ ರಜೆ ಹೇಳಿ ಜೈಲಿನ ಮುಂದೆ ಇಳಿದೆ.

ಲಾಬಿಯಲ್ಲಿ ಗೋಡೆಗೆ ಬಿಗಿದ ಕುರ್ಚಿಗಳು, ಒಂದು ಗಾಜಿನ ಕಿಟಕಿ, ಕಿಟಕಿಯ ಹಿಂದೆ ಶೆರೀಫನ ಪೇದೆಯಾದ ಒಬ್ಬ ಡೆಪ್ಯುಟಿ, ಎದುರಿಗೆ ರಿಜಿಸ್ಟರು. ಬಂದವರು ಕುಟುಂಬಕ್ಕೊಂದು ಹೆಸರು ಬರೆಯಬೇಕು. ಬರೆಯುವುದಕ್ಕೆ ದಾರ ಕಟ್ಟಿದ ಪೆನ್ನು ಅಲ್ಲೇ ಇರುತ್ತದೆ. ನಮ್ಮ ಫೋನು, ಪರ್ಸು, ಪೆನ್ನು, ಪುಸ್ತಕ ಎಲ್ಲವನ್ನೂ ಲಾಕರಿನಲ್ಲಿ ಇಡಬೇಕು. ಬೆಳಿಗ್ಗೆ ನಾಲ್ಕು ಪಾಳಿ. ಒಂದು ಪಾಳಿ ರದ್ದಾದರೆ ಅದಕ್ಕೆ ಹೆಸರು ಬರೆಸಿದವರೆಲ್ಲ ವಾಪಸು.

"ಯಾರನ್ನ ನೋಡ್ಲಿಕ್ಕೆ ಬಂದೀರಿ?" ಎಂದ ಡೆಪ್ಯುಟಿ.

"ಯಾರನ್ನೂ ಅಲ್ಲಪಾ. ನಾ ಮಂಡಳಿಯಾಕಿ. ಎಷ್ಟ್ ಮಂದಿ ವಾಪಸ್ ಹೋಗ್ತಾರ ನೋಡೂಣಂತ ಬಂದೇನಿ."

ಅವನು ನನ್ನ ಸೀರೆ, ಸ್ವೆಟರು, ಕಾಲಿನ ಸ್ನೀಕರುಗಳನ್ನು ಒಂದು ಸಲ ನೋಡಿದ. "ಕೂಡ್ರಿ," ಎಂದ. "ಕಾಫಿ ಮಷೀನ್ ಕೆಟ್ಟದ, ಮೊದಲ ಹೇಳಿಬಿಡ್ತೇನಿ."

ಬರೆದುಕೊಳ್ಳಲು ಪೆನ್ನಿಲ್ಲ. ನನ್ನ ನೆನಪು ಮೊದಲಿನ ಹಾಗಿಲ್ಲ. ಆದರೆ ಸ್ವೆಟರಿನ ಜೇಬಿನಲ್ಲಿ ಹತ್ತಿ ಇತ್ತು. ಡ್ಯಾನ್‌ವಿಲ್ ಊರಿನ ನನ್ನ ಗೆಳತಿ, ಮೈಸೂರಿನವರು, ಆ ವರ್ಷ ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ದೇವರಿಗೆ ಒಂದು ಲಕ್ಷ ಬತ್ತಿ ಹಚ್ಚುವ ಹರಕೆ ಅದು. ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಗೊತ್ತಿದ್ದವರೆಲ್ಲರಿಗೂ ಅವರು ಹತ್ತಿ ಹಂಚಿದ್ದರು. ನಾನು ಬಸ್ಸಿನಲ್ಲಿ, ಡಾಕ್ಟರ ಆಫೀಸಿನಲ್ಲಿ, ನಿಮ್ಮ ಸಾಕರ್ ಆಟದ ಹುಲ್ಲಿನ ಮೇಲೆ, ಎಲ್ಲೆಂದರಲ್ಲಿ ಹೊಸೆಯುತ್ತಿದ್ದೆ. ಜೈಲಿನ ಬಾಗಿಲಲ್ಲಿ ತಪಾಸಣೆ ಮಾಡುವ ಸ್ಕ್ಯಾನರಿನವನು ಹತ್ತಿಯನ್ನು ಹಿಚುಕಿ ನೋಡಿ ವಾಪಸು ಕೊಟ್ಟಿದ್ದ.

ಹಾಗಾಗಿ ಒಂದು ಕುಟುಂಬ ವಾಪಸು ಹೋದರೆ ಒಂದು ಬತ್ತಿ ಹೊಸೆದು ಎಡಗಡೆಯ ಜೇಬಿಗೆ ಹಾಕಿಕೊಳ್ಳತೊಡಗಿದೆ. ಹತ್ತಾದರೆ ಹತ್ತಿಯ ಎಳೆಯಿಂದಲೇ ಒಂದು ಕಟ್ಟು. ಮನೆಗೆ ಬಂದ ಮೇಲೆ ಒಂದು ಡಬ್ಬಿಯಲ್ಲಿ, ಗೆಳತಿಯ ಬತ್ತಿಗಳಿಂದ ಬೇರೆಯಾಗಿ.

ಎರಡನೆಯ ಶನಿವಾರ ಬೆಳ್ಳುಳ್ಳಿ ಶೆಡ್ಡಿನ ಹೆಂಗಸು ಮೊಮ್ಮಗಳ ಕೈ ಹಿಡಿದು ಬಂದರು. ನನ್ನನ್ನು ಗುರುತು ಹಿಡಿದು ತಲೆಯಾಡಿಸಿದರು. ಮಗು ನನ್ನ ಪಕ್ಕದ ಕುರ್ಚಿ ಹತ್ತಿ ಕೂತು ನನ್ನ ಕೈಯನ್ನೇ ನೋಡತೊಡಗಿತು. ಇಂಗ್ಲಿಷ್ ಅದಕ್ಕೆ ನನಗಿಂತ ಚೆನ್ನಾಗಿ ಬರುತ್ತಿತ್ತು.

"ಏನ್ ಮಾಡ್ಲಿಕ್ಕತ್ತೀ?"

"ದೀಪಕ್ಕ ಬತ್ತಿ."

"ನನಗೂ ಕೊಡು."

ಒಂದು ಚೂರು ಹತ್ತಿ ಕೊಟ್ಟೆ. ಅಂಗೈಯಲ್ಲಿಟ್ಟು ತಿಕ್ಕಿ ತಿಕ್ಕಿ ಹುಳುವಿನಂಥದ್ದೊಂದು ಮಾಡಿತು. ಅಷ್ಟರಲ್ಲಿ ಡೆಪ್ಯುಟಿ ಬೋರ್ಡು ತಿರುಗಿಸಿದ. ಆ ಅಜ್ಜಿ ಕಿಟಕಿಯವರೆಗೆ ಹೋಗಿ ಏನೋ ಕೇಳಿ ಬಂದರು. ಬಗ್ಗಿ ಮಗುವಿನ ಜಾಕೆಟಿನ ಜಿಪ್ಪು ಏರಿಸಿದರು. ಮಗು ಅಳಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಗುಟ್ಟಿನಂತೆ ಹೇಳಿತು: "ಮಮ್ಮಿ ಇಲ್ಲಿಲ್ಲ. ಅಜ್ಜಿ ಸುಳ್ಳು ಹೇಳ್ತಾಳ. ಪ್ರತಿ ಸಲಾನೂ ಹೇಳ್ತಾಳ."

ಆ ಹೆಂಗಸಿಗೆ ಅದು ಕೇಳಿಸಿತು. ನನಗೂ ಇಬ್ಬರು ಮೊಮ್ಮಕ್ಕಳಿದ್ದೀರಿ. ನೀವು ನನ್ನ ಬಗ್ಗೆ ಯಾರಿಗಾದರೂ ಹಾಗೆ ಹೇಳಿದರೆ ನನ್ನ ಮುಖ ಹೇಗಾಗಬಹುದೋ, ಅವರ ಮುಖ ಹಾಗಾಗಿತ್ತು. ಮಾತು ಕೊಡಬೇಡಿ ಎಂದು ಅಧ್ಯಕ್ಷರು ಹೇಳಿದ್ದರಲ್ಲ. ಒಂದು ಬತ್ತಿ ಹೊಸೆದು ಜೇಬಿಗೆ ಹಾಕಿಕೊಂಡೆ.

ಮೂರನೆಯ ಶನಿವಾರ ಅವರೊಬ್ಬರೇ ಬಂದರು. ಮಗು ಮಂಚದ ಕೆಳಗೆ ಸೇರಿಕೊಂಡು ಬರಲೊಲ್ಲೆ ಎಂದಿತಂತೆ; ನೆರೆಯವರ ಮನೆಯಲ್ಲಿ ಬಿಟ್ಟು ಬಂದಿದ್ದರು. ನೋಡಿ, ಆ ದಿನವೇ ಭೇಟಿ ಸಿಕ್ಕಿತು. ಗಾಜಿನ ಆಚೆಯಿಂದ ಮಗಳು ಮೊದಲು ಕೇಳಿದ್ದು, ಮಗು ಎಲ್ಲಿ ಎಂದಂತೆ. ಹೊರಗೆ ಬಂದು ನನ್ನ ಪಕ್ಕ ಕುಳಿತು ಅವರು ತಮ್ಮ ಹರಕು ಇಂಗ್ಲಿಷಿನಲ್ಲಿ ನನ್ನ ಹರಕು ಇಂಗ್ಲಿಷಿಗೆ ಇದನ್ನು ಹೇಳಿದರು.

ಐದು ಶನಿವಾರ ಮುಗಿದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಡಬ್ಬಿ ಸುರಿದೆ. ಸರ್ಕಾರದ ಕೆಲಸ, ಅಂದಾಜು ಆಗಬಾರದು ಎಂದು ಕಟ್ಟುಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಎಣಿಸಿದೆ. ಎರಡು ಸಲ ಎಣಿಸಿದೆ. ನಲವತ್ತೇಳು. ಮತ್ತೆ ಮೊದಲಿನಂತೆಯೇ ಕಟ್ಟಿಟ್ಟೆ. ನಿಮ್ಮ ತಾಯಿ ಒಂದು ಪುಟದ ವರದಿ ಟೈಪು ಮಾಡಿ ಕೊಟ್ಟಳು: ಐದು ಶನಿವಾರಗಳಲ್ಲಿ ನಲವತ್ತೇಳು ಕುಟುಂಬಗಳು ಬಂದು ಭೇಟಿಯಿಲ್ಲದೆ ಮರಳಿದವು, ರದ್ದಾಗುವ ಹಿಂದಿನ ಸಂಜೆ ಫೋನು ಮಾಡಿ ತಿಳಿಸಬೇಕು. ಅದು ಸಭೆಯ ಕಾಗದಗಳ ಜೊತೆ ಹೊರಗೆ ಬಿತ್ತು. ಅದರ ಬೆನ್ನಿಗೇ ಶೆರೀಫನ ಕಚೇರಿಯ ಉತ್ತರವೂ ಬಂತು. ಅವರ ದಾಖಲೆಯ ಪ್ರಕಾರ ಆ ಐದು ಶನಿವಾರಗಳ ರದ್ದತಿ ಒಂಬತ್ತು.

ನಲವತ್ತೇಳೆಲ್ಲಿ, ಒಂಬತ್ತೆಲ್ಲಿ! "ಅವ್ವಾ, ಅವ್ರು ಸುಳ್ಳ ಹೇಳ್ಲಿಕ್ಕತ್ತಾರ," ಎಂದಳು ನಿಮ್ಮ ತಾಯಿ. ನನಗೂ ಹಾಗೇ ಅನ್ನಿಸಿತು. ಸ್ವಲ್ಪ ಧೈರ್ಯವೂ ಬಂತು. ನಮ್ಮದು ಎಣಿಸಿದ ಲೆಕ್ಕವಲ್ಲವೇ?

ಸಭೆಗೆ ಎರಡು ದಿನವಿರುವಾಗ ಡ್ಯಾನ್‌ವಿಲ್ಲಿನ ಗೆಳತಿ ತಮ್ಮ ಬತ್ತಿ ಒಯ್ಯಲು ಬಂದರು. ಕಾಫಿ ಮಾಡುತ್ತ ಬೆನ್ನು ಮಾಡಿ ನಿಂತಿದ್ದೆ. ಅವರು ಕೈಗೆ ಸಿಕ್ಕ ಡಬ್ಬಿ ತೆಗೆದು ಎಣಿಸತೊಡಗಿದ್ದರು. ಅದು ಜೈಲಿನ ಡಬ್ಬಿ.

"ಏನ್ರೀ ಇದು, ಕಟ್ಟಿಗೆ ಹನ್ನೊಂದಿದೆಯಲ್ಲಾ?"

"ಹತ್ತಕ್ಕ ಒಂದು ಕೊಸರು," ಎಂದೆ ತಿರುಗದೆಯೇ. "ನಮ್ಮವ್ವ ಹಂಗ ಕಲಿಸ್ಯಾಳ. ಒಂದರೆ ಬಿಚ್ಚಿಹೋದ್ರ ದೇವರ ಲೆಕ್ಕ ಕಡಿಮಿ ಬೀಳಬಾರದು ನೋಡ್ರಿ. ಹನ್ನೊಂದಿದ್ರೂ ಹತ್ತ ಅಂತನ ಹಿಡೀಬೇಕು."

"ನಮ್ಮ ಮೈಸೂರಲ್ಲಿ ಹತ್ತಕ್ಕೆ ಹತ್ತೇಪ್ಪ. ನಿಮ್ಮ ಕಡೆಯೋರು ದೇವರಿಗೂ ಕೊಸರು ಕೊಟ್ಟು ವ್ಯಾಪಾರ ಮಾಡ್ತೀರಾ?" ಎಂದು ನಕ್ಕರು.

ನಾನು ನಗಲಿಲ್ಲ. ಹಾಲು ಉಕ್ಕಿತು.

ಅರವತ್ತು ವರ್ಷದಿಂದ ನನ್ನ ಬೆರಳುಗಳು ಹತ್ತಾದ ಮೇಲೆ ತಾವಾಗಿಯೇ ಇನ್ನೊಂದು ಹೊಸೆಯುತ್ತವೆ. ಕಟ್ಟುವ ಎಳೆ ಎಳೆಯುವ ಮೊದಲು ಅದಾಗಿಬಿಟ್ಟಿರುತ್ತದೆ. ಜೈಲಿನ ಲಾಬಿಯಲ್ಲೂ ಅವು ಅದನ್ನೇ ಮಾಡಿದ್ದವು. ಡಬ್ಬಿಯಲ್ಲಿ ನಾಲ್ಕು ಕಟ್ಟು, ಮೂರು ಬಿಡಿ. ಕಟ್ಟಿನ ಲೆಕ್ಕ ಹಿಡಿದಿದ್ದರೆ ನಲವತ್ತಮೂರು ಸರಿಯಾಗಿ ಬರುತ್ತಿತ್ತು. ಪಕ್ಕಾ ಇರಲಿ ಎಂದು ಬಿಚ್ಚಿ ಎಣಿಸಿ, ದೇವರ ಪಾಲಿನ ನಾಲ್ಕನ್ನೂ ಶೆರೀಫನ ತಲೆಗೆ ಕಟ್ಟಿದ್ದೆ.

ನಿಮ್ಮ ತಾಯಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ನಾಕ್ ಹೆಚ್ಚುಕಡಿಮಿ ಆದ್ರ ಏನಾಗ್ತದ ಅವ್ವಾ? ಅವ್ರು ಒಂಬತ್ತು ಅಂದಾರ. ನೀ ಈಗ ಹೋಗಿ ನಂದು ತಪ್ಪು ಅಂದ್ರ ಎಲ್ಲಾನೂ ತಪ್ಪು ಅಂತಾರ. ಆ ಮುದುಕಿ ಗತಿ ಏನು? ಯಾರೂ ಚೆಕ್ ಮಾಡೂದಿಲ್ಲ, ಸುಮ್ನ ಕೂಡು."

ಅವಳ ಮಾತಿನಲ್ಲಿ ಹುರುಳಿತ್ತು. ಐವರಲ್ಲಿ ಮೂವರು ಕೈ ಎತ್ತಬೇಕು. ಒಬ್ಬ ಸದಸ್ಯರಂತೂ, ಅಂಕಿ ನೆಟ್ಟಗಿದ್ದರೆ ಮಾತ್ರ ನನ್ನ ವೋಟು ಎಂದು ಹೋದ ಸಭೆಯಲ್ಲೇ ಹೇಳಿದ್ದರು. ನನ್ನ ಬಾಯಿಂದ ತಪ್ಪು ಎಂಬ ಮಾತು ಬಂದರೆ ವಿಷಯ ಅಲ್ಲೇ ಬಿದ್ದುಹೋಗಬಹುದಿತ್ತು. ಇಡೀ ಜನ್ಮ ಸುಮ್ಮನಿದ್ದೇ ಕಳೆದವಳಿಗೆ ಇನ್ನೊಂದು ಸಲ ಸುಮ್ಮನಿರುವುದು ಕಷ್ಟವೇನಲ್ಲ.

ಮರುದಿನ ಮಧ್ಯಾಹ್ನ ನಿಮ್ಮ ಬಟ್ಟೆ ಮಡಿಸುತ್ತ ಯೋಚಿಸಿದೆ. ನಾನು ಅಲ್ಲಿ ಹೋಗಿ ಕೂತದ್ದು ಏಕೆ? ಒಂದು ಮಗುವಿಗೆ ತನ್ನ ಅಜ್ಜಿಯ ಮಾತು ಸುಳ್ಳು ಅನ್ನಿಸಿಬಿಟ್ಟಿತ್ತು, ಆ ಅಜ್ಜಿಯ ತಪ್ಪೇನೂ ಇಲ್ಲದೆ. ಅದನ್ನು ಸರಿಮಾಡಲು ಹೊರಟು ನಾನೇ ತಿಳಿದೂ ತಿಳಿದೂ ಸುಳ್ಳು ಅಂಕಿ ಇಟ್ಟುಕೊಂಡು ಕೂರುವುದು ನನ್ನಿಂದಾಗದು ಅನ್ನಿಸಿತು. ಅಷ್ಟು ನಿರ್ಧಾರವಾದ ಮೇಲೆ ಹೆದರಿಕೆ ಮೈಕಿನದೊಂದೇ ಉಳಿಯಿತು.

ಅದಕ್ಕೆ ನಿಮ್ಮಲ್ಲಿ ದೊಡ್ಡವಳು ಸಹಾಯ ಮಾಡಿದ್ದು ನೆನಪಿದೆಯೇ? ಸೌಟನ್ನು ಮೈಕಿನಂತೆ ನನ್ನ ಬಾಯಿಗೆ ಹಿಡಿದು, "ಅಜ್ಜಿ, ಯೂ ಆರ್ ರಶಿಂಗ್. ಸ್ಲೋ ಆಗಿ ಹೇಳು. ಲುಕ್ ಅಟ್ ಮೀ," ಎಂದು ಆರು ಸಲ ಹೇಳಿಸಿದಳು. ಚಿಕ್ಕವನು ಸೋಫಾದ ಮೇಲೆ ಕುಳಿತು ಆರು ಸಲವೂ ಚಪ್ಪಾಳೆ ತಟ್ಟಿದ.

ಸಭೆಯ ದಿನ ಹೆಸರು ಕರೆದರು, ಹಿಂದಿನ ನಡಾವಳಿ ಒಪ್ಪಿದರು, ಮೂರನೆಯ ವಿಷಯ ನಮ್ಮದು. ಸಾರ್ವಜನಿಕರ ಸಾಲಿನಲ್ಲಿ ಬೆಳ್ಳುಳ್ಳಿ ಶೆಡ್ಡಿನ ಹೆಂಗಸು ಕೆಲಸದ ಬಟ್ಟೆಯಲ್ಲೇ ಬಂದು ಕೂತಿದ್ದರು. ಕ್ಯಾಪ್ಟನ್ ತನ್ನ ಕಾಗದ ಹಿಡಿದು ಏಳುತ್ತಿದ್ದ. ಅವನಿಗಿಂತ ಮೊದಲು ನಾನು ಕೈ ಎತ್ತಿದೆ. ಅಧ್ಯಕ್ಷರ ಹುಬ್ಬು ಮೇಲೇರಿತು.

"ನನ್ನ ಅಂಕಿ ತಪ್ಪದರಿ," ಎಂದೆ. "ನಲವತ್ತೇಳಲ್ಲ, ನಲವತ್ತಮೂರು."

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅಂಕಿ ನೆಟ್ಟಗಿರಬೇಕೆಂದಿದ್ದ ಸದಸ್ಯರು ಕನ್ನಡಕ ತೆಗೆದರು. ಡಬ್ಬಿ ತೆರೆದು ನಾಲ್ಕು ಕಟ್ಟು, ಮೂರು ಬಿಡಿ ಬತ್ತಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟೆ. ಪೆನ್ನು ಒಯ್ಯುವಂತಿರಲಿಲ್ಲವೆಂದು ಹೇಳಿದೆ, ಕೊಸರಿನ ಪದ್ಧತಿ ಹೇಳಿದೆ, ಬಿಚ್ಚಿ ಎಣಿಸಿ ಲೆಕ್ಕ ಕೆಟ್ಟದ್ದನ್ನು ಹೇಳಿದೆ. ಎದುರಿಗೆ ನಿಮ್ಮ ಮುಖವಿದೆ ಎಂದುಕೊಂಡು ನಿಧಾನವಾಗಿಯೇ ಹೇಳಿದೆ. "ಈ ನಾಕು ದೇವರವು. ಉಳಿದವು ನಿಮ್ಮ ಬಾಗಲಿಂದ ವಾಪಸ್ ಹೋದ ಮಂದಿ," ಎಂದು ಕುಳಿತೆ.

ಕ್ಯಾಪ್ಟನ್ ತನ್ನ ಕಾಗದವನ್ನೇ ನೋಡುತ್ತ ನಿಂತಿದ್ದ. ಅದನ್ನು ಓದದೆ ಮಡಿಸಿದ.

"ನಮ್ಮ ಒಂಬತ್ತರ ಬಗ್ಗೆನೂ ಒಂದು ಮಾತು ಹೇಳಬೇಕರಿ," ಎಂದ. "ಅದು ರದ್ದಾದ ಪಾಳಿ. ಒಂಬತ್ತು ಪಾಳಿ. ಒಂದೊಂದು ಪಾಳಿಗೆ ಎಷ್ಟ್ ಮಂದಿ ಬಂದಿದ್ರು ಅಂತ ಕಂಪ್ಯೂಟರಿನ್ಯಾಗ ಇರೂದಿಲ್ಲ."

"ಮತ್ತೆಲ್ಲಿ ಇರ್ತದ?" ಎಂದರು ಅಧ್ಯಕ್ಷರು.

"ಲಾಬಿ ರಿಜಿಸ್ಟರಿನ್ಯಾಗ. ಕೈಲೆ ಬರದದ್ದು. ಅದನ್ನ ಯಾರೂ ಕೂಡಿಸಿ ನೋಡಿಲ್ಲ." ನನ್ನ ಕಡೆ ತಿರುಗಿದ. "ಈ ಅಮ್ಮ ತನ್ನ ಲೆಕ್ಕ ಎಲ್ಲಾರ ಮುಂದ ಬಿಚ್ಚಿಟ್ರ, ನಾನು ನನ್ನದನ್ನ ಮುಚ್ಚಿಟಗೊಂಡು ಹೆಂಗ ಹೋಗ್ಲಿ? ಮುಂದಿನ ಸಭೆಗೆ ರಿಜಿಸ್ಟರ್ ತರ್ತೇನಿ."

ಅವತ್ತೂ ವೋಟಾಗಲಿಲ್ಲ. ಇನ್ನೊಂದು ತಿಂಗಳು ಮುಂದಕ್ಕೆ ಹೋಯಿತು. ಹೊರಗೆ ಹೋಗುವಾಗ ಆ ಹೆಂಗಸು ನನ್ನ ಮುಂದೆ ನಿಂತರು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಅವರು ನನ್ನ ಕೈಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು ಬಸ್ಸಿಗೆ ಓಡಿದರು. ಅವರ ಕೈಯ ಬೆಳ್ಳುಳ್ಳಿ ವಾಸನೆ ಮನೆಗೆ ಬರುವವರೆಗೂ ನನ್ನ ಕೈಯಲ್ಲಿತ್ತು.

ಆ ತಿಂಗಳು ಉದ್ದವಾಗಿತ್ತು. ರಿಜಿಸ್ಟರಿನಲ್ಲಿ ಇಪ್ಪತ್ತೇ ಬಂದರೆ? ಹತ್ತೇ ಬಂದರೆ? ನಿಮ್ಮ ತಾಯಿ ಮಾತ್ರ ಕೆಣಕುತ್ತಲೇ ಇದ್ದಳು. ನಾನು ಇಡ್ಲಿ ಬಡಿಸಿದರೆ, "ಕೊಸರು ಸೇರಿಸಿ ನಾಕೋ, ಕೊಸರು ಬಿಟ್ಟು ನಾಕೋ?" ಎನ್ನುವಳು.

ಕ್ಯಾಪ್ಟನ್ ಹೇಳಿದಂತೆ ರಿಜಿಸ್ಟರು ತಂದ. ಐದು ಶನಿವಾರಗಳ ಹಾಳೆಗಳಿಗೆ ಹಳದಿ ಚೀಟಿ ಅಂಟಿಸಿದ್ದ. ರದ್ದಾದ ಪಾಳಿಗಳಲ್ಲಿ ಹೆಸರು ಬರೆದವರನ್ನು ಒಬ್ಬೊಬ್ಬರಾಗಿ ಓದದೆ ಬರೀ ಮೊತ್ತ ಹೇಳಿದ.

"ನಲವತ್ತೈದು."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಲೆಕ್ಕಕ್ಕಿಂತ ಎರಡು ಹೆಚ್ಚು. ನನಗೆ ತಕ್ಷಣ ಹೊಳೆಯಿತು. ಆದರೆ ಮೈಕಿನಲ್ಲಿ ಹೇಳುವ ಮಾತಲ್ಲ ಅದು. ಅಧ್ಯಕ್ಷರು ಬಿಡಲಿಲ್ಲ: "ಎರಡು ಎಲ್ಲಿ ಹೋದವು ಅಂತ ಗೊತ್ತೇನ್ರಿ?"

"ನಾ ಎರಡು ಸಲ ಬಾತ್‌ರೂಮಿಗೆ ಹೋಗಿದ್ದೆ," ಎಂದೆ.

ಇಡೀ ಕೋಣೆ ನಕ್ಕಿತು. ಕ್ಯಾಪ್ಟನ್ನೂ ನಕ್ಕ. ಹಿಂದೆ ನಿಂತಿದ್ದ ನಿಮ್ಮ ತಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಮುಖ ಮುಚ್ಚಿಕೊಳ್ಳಬೇಕೆಂದಿದ್ದವಳು ನಗತೊಡಗಿದೆ. ನಗು ನಿಂತ ಮೇಲೆ ಅಧ್ಯಕ್ಷರು ವೋಟಿಗೆ ಹಾಕಿದರು. ಕನ್ನಡಕದ ಸದಸ್ಯರೂ ಸೇರಿ ಐದಕ್ಕೆ ಐದು ಕೈ.

ನಮ್ಮ ಕೈ ಎತ್ತುವುದರಿಂದ ಏನೂ ಆಗಿಬಿಡುವುದಿಲ್ಲ. ಅದು ಶಿಫಾರಸು ಅಷ್ಟೆ. ಶೆರೀಫ್ ಲಿಖಿತ ಉತ್ತರ ಕೊಡಬೇಕು. ಉತ್ತರ ಮೂರು ವಾರಕ್ಕೆ ಬಂತು. ಒಳಗಿನ ಪಹರೆ ಪಟ್ಟಿಯನ್ನು ಇನ್ನು ಮುಂದೆ ಶುಕ್ರವಾರ ಮಧ್ಯಾಹ್ನವೇ ಅಂತಿಮ ಮಾಡುತ್ತಾರೆ. ಭೇಟಿಗೆ ಬರುವವರು ಮೊದಲೇ ಹೆಸರು ಮತ್ತು ಫೋನು ನಂಬರು ಕೊಡಬೇಕು. ಪಾಳಿ ರದ್ದಾಗುವಂತಿದ್ದರೆ ಸಂಜೆ ಆರರೊಳಗೆ ಲಾಬಿಯ ಡೆಪ್ಯುಟಿಯೇ ಒಬ್ಬೊಬ್ಬರಿಗೂ ಫೋನು ಮಾಡಿ ಬದಲಿ ದಿನ ಹೇಳಬೇಕು. ಮೊದಲಿಗೆ ಪ್ರಯೋಗವೆಂದು ಬರೆದಿದ್ದರು. ಪ್ರಯೋಗ ನಡೆಯುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ.

ಹಾಗಾಗಿ ಯಾರಿಗೂ ಹೇಳದೆ ಒಂದು ಶನಿವಾರ ಮತ್ತೆ ಹೋದೆ. ಮಂಜು ಇನ್ನೂ ಕರಗಿರಲಿಲ್ಲ. ಬಸ್ಸಿನಿಂದ ಜೈಲಿನ ಮುಂದೆ ಇಳಿದವಳು ನಾನೊಬ್ಬಳೇ. ಒಳಗೆ ಹೋದರೆ ಲಾಬಿ ಖಾಲಿ. ಒಂದು ನರಪಿಳ್ಳೆಯಿಲ್ಲ. ಬೇಸತ್ತು ಜನ ಬರುವುದನ್ನೇ ಬಿಟ್ಟರೇ?

ಕಿಟಕಿಯ ಹಿಂದೆ ಅದೇ ಡೆಪ್ಯುಟಿ. "ಅಜ್ಜೀ, ನೀವ್ಯಾಕ ಬಂದ್ರಿ? ಇವತ್ತು ನಾಕೂ ಪಾಳಿ ಇಲ್ಲ. ನಿನ್ನೆ ಸಂಜಿಕ ಎಲ್ಲಾರಿಗೂ ಫೋನ್ ಮಾಡಿ ಹೇಳೇನಿ."

"ಎಲ್ಲಾರಿಗೂ?"

"ಇಪ್ಪತ್ತೆರಡು ಫೋನ್. ಕಿವಿ ಕೆಂಪಾಗ್ಯಾವ ನೋಡ್ರಿ." ಕಿವಿ ತಿರುಗಿಸಿ ತೋರಿಸಿದ. "ಒಂದು ಸಣ್ಣ ಹುಡುಗಿ ಅದಲ್ರಿ, ನಿಮ್ಮ ಬಾಜೂಕ ಕೂಡ್ತಿತ್ತು. ಅವರಜ್ಜಿ ಕೈಯಾಗಿನ ಫೋನ್ ಇಸಕೊಂಡು ನನ್ನ ಕೇಳ್ತು: ನೀ ಜೈಲಿನ್ಯಾಗಿಂದನ ಮಾತಾಡ್ಲಿಕ್ಕತ್ತೀಯೇನು? ಹೌದು ಅಂದೆ. ನಮ್ಮ ಮಮ್ಮಿ ಅಲ್ಲೇ ಇದ್ದಾಳೇನು? ಹೌದು, ಇದ್ದಾಳ ಅಂದೆ."

"ಆಮ್ಯಾಲೆ?"

"ಆಮ್ಯಾಲೆ ಫೋನ್ ಅಲ್ಲೇ ಬಿಟ್ಟು, ಅಜ್ಜೀ, ನೀ ಹೇಳಿದ್ದು ಖರೇ ಅದ, ಖರೇ ಅದ ಅಂತ ಒದರಿಕೋತ ಓಡಿತ್ರಿ. ಭಾನುವಾರ ಹನ್ನೊಂದಕ್ಕ ಬರ್ರಿ ಅಂತ ಹೇಳೂದಕ್ಕ ನಾ ಎಷ್ಟೋ ಹೊತ್ತು ಫೋನ್ ಹಿಡಕೊಂಡು ಕೂತಿದ್ದೆ."

ಮಗು ಕೂತಿದ್ದ ಕುರ್ಚಿಯ ಕಡೆ ತಿರುಗಿ ನೋಡಿದೆ.

"ನಿಮಗ ಯಾರೂ ಫೋನ್ ಮಾಡಲಿಲ್ಲೇನ್ರಿ?" ಎಂದ ಅವನು, ಪಾಪ ಅನ್ನಿಸಿದವನಂತೆ. "ನಿಮ್ಮ ಹೆಸರು ಪಟ್ಟಿಯೊಳಗ ಇಲ್ಲಲ್ಲ. ಸೇರಿಸ್ಲೇನು?"

"ಬ್ಯಾಡಪಾ, ನಮ್ಮವರು ಒಳಗ ಯಾರೂ ಇಲ್ಲ," ಎಂದೆ.

ವಾಪಸಿನ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಕಾಫಿ ಮಷೀನು ರಿಪೇರಿಯಾಗಿತ್ತು. ಒಂದು ಲೋಟ ಹಿಡಿದುಕೊಂಡು ಆ ಖಾಲಿ ಕುರ್ಚಿಗಳ ಸಾಲಿನಲ್ಲಿ ನಡುವಿನದ್ದನ್ನು ಆರಿಸಿ ಕುಳಿತೆ. ಅಂದು ಆ ಬಾಗಿಲಿಗೆ ಸುಮ್ಮನೆ ಬಂದು ಸುಮ್ಮನೆ ಮರಳಿದ್ದು ನಾನೊಬ್ಬಳೇ.